ಗಲ್ಫ್, ಜರ್ಮನಿ, ಐರ್ಲೆಂಡ್, ಯುಕೆ: ಕಾಸರಗೋಡಿನ ನರ್ಸ್‌ಗೆ ಯಾವ ದಾರಿ ಸರಿಯಾದೀತು?

ಕಳೆದ ತಿಂಗಳು ಒಂದೇ ವಾರದಲ್ಲಿ ಮೂವರು ನನ್ನನ್ನು ಕೇಳಿದರು. ಒಬ್ಬಳು ಪೆರ್ಲದವಳು. ಮಂಗಳೂರಿನಲ್ಲಿ ಬಿ.ಎಸ್ಸಿ ನರ್ಸಿಂಗ್ ಮುಗಿಸಿ ಎಂಟು ತಿಂಗಳಾಗಿದೆ. ಇನ್ನೊಬ್ಬಳು ಮುಳ್ಳೇರಿಯಾದವಳು. ಐಸಿಯುನಲ್ಲಿ ನಾಲ್ಕು ವರ್ಷದ ಅನುಭವ ಇದೆ, ಮನೆಯಲ್ಲಿ ಎರಡು ವರ್ಷದ ಮಗು, ಗಂಡನಿಗೆ ಕುಂಬಳೆಯಲ್ಲಿ ಸಣ್ಣ ಅಂಗಡಿ. ಮೂರನೆಯವನು ಉಪ್ಪಳದ ಹುಡುಗ. ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಮಾಡಿ ಮೂರು ವರ್ಷ ಕ್ಯಾಶುವಾಲ್ಟಿಯಲ್ಲಿ ದುಡಿದಿದ್ದಾನೆ. ಅಪ್ಪನ ಆಪರೇಷನ್‌ಗೆ ಮಾಡಿದ ಸಾಲ ಇನ್ನೂ ತೀರಿಲ್ಲ. ಮೂವರದ್ದೂ ಒಂದೇ ಪ್ರಶ್ನೆ: "ಅಕ್ಕಾ, ಯಾವ ದೇಶಕ್ಕೆ ಹೋದರೆ ಒಳ್ಳೆಯದು?"

ಮೂವರಿಗೂ ಒಂದೇ ದೇಶದ ಹೆಸರು ಹೇಳಿದ್ದರೆ ಇಬ್ಬರಿಗಾದರೂ ನಾನು ಅನ್ಯಾಯ ಮಾಡಿದ ಹಾಗಾಗುತ್ತಿತ್ತು. ನಾನು ಸೌದಿಯಲ್ಲಿ ಏಳು ವರ್ಷ ಕೆಲಸ ಮಾಡಿ, ಈಗ ಬದಿಯಡ್ಕದ ಹತ್ತಿರ ಇರುವವಳು. ನನ್ನ ಜೊತೆ ಓದಿದವರು ಜರ್ಮನಿ, ಐರ್ಲೆಂಡ್, ಯುಕೆ ಎಂದು ಹಂಚಿ ಹೋಗಿದ್ದಾರೆ. ಅವರ ಅನುಭವ, ನನ್ನ ಅನುಭವ ಎರಡನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಮನೆಯ ಲೆಕ್ಕ

ಎಲ್ಲರೂ ಸಂಬಳದಿಂದ ಶುರು ಮಾಡುತ್ತಾರೆ. ಯೂರೋಗೆ ಎಷ್ಟು ರೂಪಾಯಿ, ಪೌಂಡ್‌ಗೆ ಎಷ್ಟು ಎಂದು ಗುಣಿಸುತ್ತಾರೆ. ನಾನು ಕೇಳುವ ಮೊದಲ ಪ್ರಶ್ನೆ ಬೇರೆ. ಮೊದಲ ಸಂಬಳ ಕೈಗೆ ಬರುವವರೆಗೆ ನಿಮ್ಮ ಮನೆ ಎಷ್ಟು ತಿಂಗಳು ತಡೆಯುತ್ತದೆ? ಸಹಕಾರಿ ಬ್ಯಾಂಕಿನ ಕಂತು ಇದೆಯಾ? ಅಡವಿಟ್ಟ ಚಿನ್ನ ಇದೆಯಾ? ಎಜುಕೇಶನ್ ಲೋನ್‌ನ ಬಡ್ಡಿ ಓಡುತ್ತಿದೆಯಾ? ಆರು ತಿಂಗಳು ಮಾತ್ರ ತಡೆಯುವ ಮನೆಗೆ ಒಂದು ದಾರಿ. ಎರಡು ವರ್ಷ ತಡೆಯುವ ಮನೆಗೆ ಇನ್ನೊಂದು. ದೇಶದ ಆಯ್ಕೆ ಮುಕ್ಕಾಲು ಪಾಲು ಇಲ್ಲೇ ಆಗಿಬಿಡುತ್ತದೆ.

ಎರಡನೆಯದು ಭಾಷೆ. ದಿನಕ್ಕೆ ಆರು ಗಂಟೆ ಕೂತು ಹೊಸ ಭಾಷೆ ಕಲಿಯುವ ಬಿಡುವು ಇದೆಯಾ, ಅಥವಾ ನೈಟ್ ಡ್ಯೂಟಿ ಮುಗಿಸಿ ಬಂದು ಮಗುವಿಗೆ ಊಟ ಹಾಕುವ ಕೆಲಸ ಇದೆಯಾ? ಮೂರನೆಯದು ಅನುಭವ. ಎಷ್ಟು ವರ್ಷ ಅನ್ನುವುದರ ಜೊತೆಗೆ ಎಂಥ ಆಸ್ಪತ್ರೆಯಲ್ಲಿ, ಯಾವ ವಾರ್ಡ್‌ನಲ್ಲಿ ಅನ್ನುವುದೂ ಮುಖ್ಯ. ನಾಲ್ಕನೆಯದು ಕುಟುಂಬ. ಗಂಡ ಅಥವಾ ಹೆಂಡತಿ ಬರಬಹುದಾ, ಬಂದವರು ಅಲ್ಲಿ ಕೆಲಸ ಮಾಡಬಹುದಾ? ಐದನೆಯದು, ಅಲ್ಲಿ ಏನಾದರೂ ಎಡವಟ್ಟಾದರೆ ಯಾರಿಗೆ ಫೋನ್ ಮಾಡುವುದು? ಸಂಬಳ ಆರನೆಯದು. ಅದರಲ್ಲೂ ನೋಡಬೇಕಾದದ್ದು ಬಾಡಿಗೆ, ತೆರಿಗೆ ಕಳೆದು ತಿಂಗಳ ಕೊನೆಗೆ ಕೈಯಲ್ಲಿ ಉಳಿಯುವ ದುಡ್ಡು.

ಐದನೆಯ ವಿಷಯ ಯಾಕೆ ಸೇರಿಸಿದೆ ಎಂದು ಹೇಳುತ್ತೇನೆ. 2014ರಲ್ಲಿ ಇರಾಕಿನ ತಿಕ್ರಿತ್‌ನಲ್ಲಿ 46 ನರ್ಸ್‌ಗಳು ಸಿಕ್ಕಿಹಾಕಿಕೊಂಡಿದ್ದು ನೆನಪಿದೆ ಅಲ್ವಾ? ಹೆಚ್ಚಿನವರು ಕೇರಳದ ಹೆಣ್ಣುಮಕ್ಕಳು. ಜುಲೈ 5ರಂದು ಅವರು ಕೊಚ್ಚಿಗೆ ಬಂದಿಳಿದಾಗ ಊರಿಗೆ ಊರೇ ಟಿವಿ ಮುಂದೆ ಕೂತಿತ್ತು. ಅವರಲ್ಲಿ ಹಲವರು ಸಾಲ ಮಾಡಿ ಹೋದವರು. ಯುದ್ಧದ ನಡುವಿನಿಂದ ಜೀವ ಉಳಿಸಿಕೊಂಡು ಬಂದರೂ ಸಾಲ ಹಾಗೇ ಇತ್ತು.

ಗಡಿಯಲ್ಲಿರುವ ನಮಗೆ ಮಾತ್ರ ಇರುವ ತೊಡಕು

ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಬೇರೆ ಯಾರೂ ನಮಗಾಗಿ ಇದನ್ನು ಬರೆಯುವುದಿಲ್ಲ.

ನಮ್ಮಲ್ಲಿ ಹೆಚ್ಚಿನವರು ಹತ್ತನೇ ಕ್ಲಾಸು, ಪ್ಲಸ್ ಟು ಕೇರಳದಲ್ಲಿ ಓದಿ, ನರ್ಸಿಂಗ್‌ಗೆ ತಲಪಾಡಿ ದಾಟಿ ಮಂಗಳೂರಿಗೆ ಹೋಗುತ್ತೇವೆ. ಆಗ ಡಿಗ್ರಿ ಕರ್ನಾಟಕದ್ದು, ರಿಜಿಸ್ಟ್ರೇಶನ್ ಕರ್ನಾಟಕ ನರ್ಸಿಂಗ್ ಕೌನ್ಸಿಲ್‌ನದ್ದು. ಮನೆ, ರೇಷನ್ ಕಾರ್ಡ್, ಪಾಸ್‌ಪೋರ್ಟ್ ವಿಳಾಸ ಕೇರಳದ್ದು. ವಿದೇಶಕ್ಕೆ ಹೊರಟಾಗ ಇವೆಲ್ಲ ಒಂದೇ ಫೈಲಿನಲ್ಲಿ ಸೇರುತ್ತವೆ. ಆಗ ಬೇರೆ ಬೇರೆ ಕಡೆ ಬಾಗಿಲು ತಟ್ಟಬೇಕಾಗುತ್ತದೆ. ಶಾಲೆಯ ಸರ್ಟಿಫಿಕೇಟಿನ ದೃಢೀಕರಣ ಕೇರಳದಲ್ಲಿ, ಡಿಗ್ರಿಯದು ಕರ್ನಾಟಕದಲ್ಲಿ. ನಿಮ್ಮ ರಿಜಿಸ್ಟ್ರೇಶನ್ ಮೇಲೆ ತಕರಾರಿಲ್ಲ ಎಂದು ಹೇಳುವ ಗುಡ್ ಸ್ಟ್ಯಾಂಡಿಂಗ್ ಸರ್ಟಿಫಿಕೇಟ್ ಕೊಡುವುದು ನೀವು ರಿಜಿಸ್ಟರ್ ಆಗಿರುವ ಕೌನ್ಸಿಲ್. ಇದಕ್ಕೆಲ್ಲ ಎರಡು ಮೂರು ತಿಂಗಳು ಹಿಡಿಯುತ್ತದೆ ಎಂದೇ ಲೆಕ್ಕ ಹಾಕಿಕೊಳ್ಳಿ.

ಇನ್ನೊಂದು ದೊಡ್ಡ ತಪ್ಪು ನಮ್ಮಲ್ಲಿ ನಡೆಯುತ್ತದೆ. ಮಂಗಳೂರಿನಲ್ಲಿ ಓದಿ, ಕರ್ನಾಟಕದ ರಿಜಿಸ್ಟ್ರೇಶನ್ ಇಟ್ಟುಕೊಂಡು, ಮನೆಗೆ ಹತ್ತಿರ ಎಂದು ಕಾಸರಗೋಡಿನಲ್ಲೋ ಕಾಞಂಗಾಡಿನಲ್ಲೋ ಕೆಲಸಕ್ಕೆ ಸೇರುತ್ತಾರೆ. ಕೇರಳದ ಕೌನ್ಸಿಲ್‌ನಲ್ಲಿ ಹೆಸರು ನೋಂದಾಯಿಸುವುದಿಲ್ಲ. ಆಸ್ಪತ್ರೆಯವರೂ ಕೇಳುವುದಿಲ್ಲ. ಆಮೇಲೆ ಗಲ್ಫ್‌ಗೆ ಅರ್ಜಿ ಹಾಕಿದಾಗ ಅನುಭವ ಒಂದು ರಾಜ್ಯದ್ದು, ಲೈಸೆನ್ಸ್ ಇನ್ನೊಂದರದ್ದು ಎಂದು ತಕರಾರು ಬರುತ್ತದೆ. ನೀವು ಎರಡು ವರ್ಷ ನಿದ್ದೆಗೆಟ್ಟು ಮಾಡಿದ ಡ್ಯೂಟಿ ಲೆಕ್ಕಕ್ಕೇ ಬಾರದೆ ಹೋಗಬಹುದು. ಕೇರಳದಲ್ಲಿ ಕೆಲಸ ಮಾಡುವುದಾದರೆ ಕೇರಳದ ರಿಜಿಸ್ಟ್ರೇಶನ್ ಮೊದಲು ಮಾಡಿಸಿ.

ಇನ್ನು ಹೆಸರಿನ ಸಮಸ್ಯೆ. ಎಸ್‌ಎಸ್‌ಎಲ್‌ಸಿಯಲ್ಲಿ ಇನಿಷಿಯಲ್ ಮಾತ್ರ, ಪಾಸ್‌ಪೋರ್ಟ್‌ನಲ್ಲಿ ಅಪ್ಪನ ಹೆಸರು ಪೂರ್ತಿ, ಡಿಗ್ರಿಯಲ್ಲಿ ಮನೆ ಹೆಸರು. ಕನ್ನಡದಿಂದ ಇಂಗ್ಲಿಷಿಗೆ ಬರೆಯುವಾಗ ಒಂದು ಕಡೆ ಒಂದು ಸ್ಪೆಲಿಂಗ್, ಇನ್ನೊಂದು ಕಡೆ ಮತ್ತೊಂದು. ಇಲ್ಲಿ ಅದು ಸಣ್ಣ ವಿಷಯ, ವಿದೇಶದ ಕೌನ್ಸಿಲ್‌ಗೆ ಅದು ಇಬ್ಬರು ಬೇರೆ ವ್ಯಕ್ತಿಗಳು. ನಮ್ಮ ವಿಲೇಜ್ ಆಫೀಸಿನಿಂದ 'ವನ್ ಆ್ಯಂಡ್ ಸೇಮ್' ಸರ್ಟಿಫಿಕೇಟ್ ಸಿಗುತ್ತದೆ. ಸರ್ಕಾರದ ಆನ್‌ಲೈನ್ ಸೇವೆ ಸಿಗುವ ಅಕ್ಷಯ ಕೇಂದ್ರದಲ್ಲಿ ಅರ್ಜಿ ಹಾಕಬಹುದು. ಪಾಸ್‌ಪೋರ್ಟ್ ಇನ್ನೂ ಮಾಡಿಸಿಲ್ಲ ಅಂದರೆ ಎಸ್‌ಎಸ್‌ಎಲ್‌ಸಿಯಲ್ಲಿ ಹೇಗಿದೆಯೋ ಅದಕ್ಕೆ ಹೊಂದುವ ಹಾಗೆ ಮಾಡಿಸಿ, ಅರ್ಧ ತಲೆನೋವು ಅಲ್ಲೇ ಕಡಿಮೆಯಾಗುತ್ತದೆ.

ಆದರೆ ಗಡಿಯಲ್ಲಿ ಇರುವುದರಿಂದ ಒಂದು ಲಾಭವೂ ಇದೆ. ನಾವು ಕೇರಳದವರು. ಹಾಗಾಗಿ ನೋರ್ಕಾ ರೂಟ್ಸ್, ಒಡೆಪೆಕ್ ಎರಡೂ ನಮಗೂ ಸೇರಿದ್ದು. ನೋರ್ಕಾ ರೂಟ್ಸ್ ಹೊರನಾಡಿನ ಕೇರಳಿಗರಿಗಾಗಿ ಇರುವ ಕೇರಳ ಸರ್ಕಾರದ ಸಂಸ್ಥೆ. ಒಡೆಪೆಕ್ 1977ರಲ್ಲಿ ಕೇರಳ ಸರ್ಕಾರ ಶುರು ಮಾಡಿದ ಸಂಸ್ಥೆ, ವಿದೇಶಕ್ಕೆ ಜನರನ್ನು ಕಳಿಸುವುದೇ ಅದರ ಕೆಲಸ. ಕೊಟ್ಟಾಯಂ, ಪತ್ತನಂತಿಟ್ಟದ ಹುಡುಗಿಯರು ಇವುಗಳ ಮೂಲಕ ಸಾಲುಸಾಲಾಗಿ ಹೋಗುತ್ತಾರೆ. ನಮ್ಮ ಕಡೆಯವರು ಹೋಗುವುದು ಕಡಿಮೆ. ಕಾರಣ ಏನು ಗೊತ್ತಾ? ಪ್ರಕಟಣೆ ಮಲಯಾಳದಲ್ಲಿ ಬರುತ್ತದೆ, ನಮ್ಮ ಮನೆಗೆ ಬರುವ ಪೇಪರ್ ಕನ್ನಡದ್ದು. ನಾವು ಓದಿದ ಕಾಲೇಜು ಮಂಗಳೂರಿನದ್ದು, ಅಲ್ಲಿ ನೋರ್ಕಾ ಹೆಸರು ಯಾರೂ ಎತ್ತುವುದಿಲ್ಲ. ನನಗೂ ಅದರ ಬಗ್ಗೆ ಗೊತ್ತಾಗಿದ್ದು ಸೌದಿಗೆ ಹೋದ ಮೇಲೆ, ಪಕ್ಕದ ಹಾಸಿಗೆಯಲ್ಲಿದ್ದ, ಕೇರಳದ ಪಾಲಾ ಊರಿನವಳಿಂದ. ಇವರ ಜಾಲತಾಣಗಳಲ್ಲಿ ಇಂಗ್ಲಿಷಿನಲ್ಲೂ ಮಾಹಿತಿ ಇರುತ್ತದೆ. ವಾರಕ್ಕೊಮ್ಮೆ ತೆರೆದು ನೋಡುವ ಅಭ್ಯಾಸ ಮಾಡಿಕೊಳ್ಳಿ. ನೋರ್ಕಾದ ಉಚಿತ ಫೋನ್ ನಂಬರ್ 1800 425 3939.

ಗಲ್ಫ್: ಬೇಗ ಹೊರಡುವ ದಾರಿ

ಸಾಲ ಜಾಸ್ತಿ ಇದ್ದು, ಎರಡು ವರ್ಷದ ಒಳ್ಳೆಯ ಅನುಭವ ಇದ್ದರೆ ನಾನು ಈಗಲೂ ಗಲ್ಫ್ ಎನ್ನುತ್ತೇನೆ. ಹೊಸ ಭಾಷೆಯ ಪರೀಕ್ಷೆ ಇಲ್ಲ. ಕೆಲಸದ ಇಂಗ್ಲಿಷ್ ಸಾಕು, ಅರೇಬಿಕ್ ಅಲ್ಲೇ ಕಿವಿಗೆ ಬೀಳುತ್ತದೆ. ಸಂಬಳಕ್ಕೆ ಆದಾಯ ತೆರಿಗೆ ಇಲ್ಲ. ಸೌದಿಯ ಆರೋಗ್ಯ ಸಚಿವಾಲಯದ ಆಸ್ಪತ್ರೆಗಳಲ್ಲಿ ಎರಡು ಮೂರು ವರ್ಷದ ಅನುಭವ ಇರುವವರಿಗೆ ಸುಮಾರು 4,000 ರಿಯಾಲ್ ಆಸುಪಾಸು ಸಿಗುತ್ತದೆ, ಅಂದರೆ ತೊಂಬತ್ತು ಸಾವಿರ ರೂಪಾಯಿ ಹತ್ತಿರ. ಉಳಿಯಲು ಜಾಗ ಅವರೇ ಕೊಡುತ್ತಾರೆ. ಹಾಗಾಗಿ ಬಂದ ಸಂಬಳದಲ್ಲಿ ಮುಕ್ಕಾಲು ಭಾಗ ಊರಿಗೆ ಕಳಿಸಲು ಆಗುತ್ತದೆ. ನಾನು ಹಾಗೆ ಕಳಿಸಿಯೇ ತಂಗಿಯ ಮದುವೆ ಮಾಡಿದೆ, ತೋಟಕ್ಕೆ ಬೋರ್‌ವೆಲ್ ಹಾಕಿಸಿದೆ.

ಕ್ರಮ ಹೀಗೆ. ಮೊದಲು ಡೇಟಾಫ್ಲೋ, ಅಂದರೆ ದಾಖಲೆ ಪರಿಶೀಲಿಸುವ ಕಂಪೆನಿ. ನಿಮ್ಮ ಡಿಗ್ರಿ, ರಿಜಿಸ್ಟ್ರೇಶನ್, ಅನುಭವ ಮೂರೂ ನಿಜವಾ ಎಂದು ಅವರು ನೇರವಾಗಿ ಕಾಲೇಜು, ಕೌನ್ಸಿಲ್, ಆಸ್ಪತ್ರೆಗೆ ಬರೆದು ಕೇಳುತ್ತಾರೆ. ಆಸ್ಪತ್ರೆಯ ಎಚ್‌ಆರ್‌ನವರು ಆ ಮೇಲ್‌ಗೆ ಉತ್ತರ ಕೊಡದಿದ್ದರೆ ನಿಮ್ಮ ಫೈಲ್ ಅಲ್ಲೇ ನಿಂತಿರುತ್ತದೆ. ಕೆಲಸ ಬಿಡುವಾಗ ಜಗಳ ಮಾಡಿಕೊಂಡು ಬರಬೇಡಿ. ಆಮೇಲೆ ಲೈಸೆನ್ಸ್ ಪರೀಕ್ಷೆ. ಎಲ್ಲರೂ ಪ್ರೊಮೆಟ್ರಿಕ್ ಎಂದೇ ಕರೆಯುತ್ತಾರೆ. ಸೌದಿಗೆ, ದುಬೈಗೆ, ಅಬುಧಾಬಿಗೆ, ಕತಾರ್‌ಗೆ ಲೈಸೆನ್ಸ್ ಕೊಡುವವರು ಬೇರೆ ಬೇರೆ. ಕೊನೆಗೆ ಮೆಡಿಕಲ್. ಅದಕ್ಕೆ ಮಂಗಳೂರಿನಲ್ಲೇ ಮಾನ್ಯತೆ ಪಡೆದ ಕೇಂದ್ರಗಳಿವೆ. ಎಲ್ಲ ಸರಿಯಾಗಿ ನಡೆದರೆ ಆರರಿಂದ ಎಂಟು ತಿಂಗಳಲ್ಲಿ ವಿಮಾನ ಹತ್ತಬಹುದು.

ಅನುಭವದ ವಿಷಯದಲ್ಲಿ ಒಂದು ಮಾತು. ಹತ್ತು ಹಾಸಿಗೆಯ ಕ್ಲಿನಿಕ್‌ನಲ್ಲಿ ಐದು ವರ್ಷ ಮಾಡಿದ್ದಕ್ಕಿಂತ ದೊಡ್ಡ ಆಸ್ಪತ್ರೆಯ ಐಸಿಯು, ಡಯಾಲಿಸಿಸ್, ಆಪರೇಷನ್ ಥಿಯೇಟರ್, ಎನ್‌ಐಸಿಯು (ನವಜಾತ ಶಿಶುಗಳ ಐಸಿಯು) ಇಂಥಲ್ಲಿ ಮಾಡಿದ ಎರಡು ವರ್ಷಕ್ಕೆ ಬೆಲೆ ಜಾಸ್ತಿ. ಊರ ಹತ್ತಿರದ ಸಣ್ಣ ಆಸ್ಪತ್ರೆಯಲ್ಲಿ ಸುಮ್ನೆ ಒಪಿಡಿ ನೋಡಿಕೊಂಡು ಇರುವವರು ಆದಷ್ಟು ಬೇಗ ಮಂಗಳೂರಿನ ದೊಡ್ಡ ಆಸ್ಪತ್ರೆಗೆ ಬದಲಾಗಿ. ಸಂಬಳ ಅಷ್ಟೇ ಇದ್ದರೂ ಪರವಾಗಿಲ್ಲ, ರೈಲಿನ ಸೀಸನ್ ಪಾಸ್ ಮಾಡಿಸಿಕೊಂಡರೆ ಓಡಾಟವೂ ಆಗುತ್ತದೆ.

ಗಂಡುಮಕ್ಕಳು ಗಮನಿಸಬೇಕಾದ ವಿಷಯ: ಸೌದಿಯ ಸರ್ಕಾರಿ ನೇಮಕ ಹೆಚ್ಚಾಗಿ ಹೆಂಗಸರಿಗೆ. ಗಂಡು ನರ್ಸ್‌ಗಳಿಗೆ ಅವಕಾಶ ಇರುವುದು ಖಾಸಗಿ ಆಸ್ಪತ್ರೆಗಳ ತುರ್ತು ವಿಭಾಗ, ಆಂಬುಲೆನ್ಸ್, ದೊಡ್ಡ ಕಂಪೆನಿಗಳ ಸೈಟ್ ನರ್ಸ್ ಕೆಲಸದಲ್ಲಿ.

ಗಲ್ಫ್‌ನ ಕೊರತೆ ಎಲ್ಲರಿಗೂ ಗೊತ್ತಿರುವುದೇ. ಎಷ್ಟು ವರ್ಷ ದುಡಿದರೂ ನೀವು ಆ ದೇಶದವರಾಗುವುದಿಲ್ಲ. ವೀಸಾ ಕೆಲಸಕ್ಕೆ ಕಟ್ಟಿಹಾಕಿದ್ದು. ಮಗು ಊರಿನಲ್ಲಿ ಅಜ್ಜಿಯ ಜೊತೆ ಬೆಳೆಯುತ್ತದೆ. ನಾನು ಮಗನ ಮೊದಲ ಹೆಜ್ಜೆಯನ್ನು ಫೋನಿನಲ್ಲಿ ನೋಡಿದವಳು. ಆ ನೋವು ಇನ್ನೂ ಹೋಗಿಲ್ಲ. ಹಾಗಾಗಿ ಗಲ್ಫ್‌ಗೆ ಹೋಗುವವರಿಗೆ ನಾನು ಹೇಳುವುದು, ಹೋಗುವ ಮೊದಲೇ ಎಷ್ಟು ವರ್ಷ ಎಂದು ತೀರ್ಮಾನ ಮಾಡಿ. ಸಾಲ ತೀರುವವರೆಗೆ ಮೂರು ವರ್ಷ ಅಂದರೆ ಮೂರೇ ವರ್ಷ. ಅಲ್ಲಿದ್ದುಕೊಂಡೇ ಒಇಟಿಗೋ (ಆರೋಗ್ಯ ಕೆಲಸದವರ ಇಂಗ್ಲಿಷ್ ಪರೀಕ್ಷೆ) ಎನ್‌ಕ್ಲೆಕ್ಸ್‌ಗೋ (ಅಮೆರಿಕದ ನರ್ಸ್ ಲೈಸೆನ್ಸ್ ಪರೀಕ್ಷೆ) ಓದಿ.

ಜರ್ಮನಿ: ಭಾಷೆ ಕಲಿತವರಿಗೆ

ಹೊಸದಾಗಿ ಪಾಸಾದವರಿಗೆ, ಮದುವೆ ಆಗದವರಿಗೆ, ಒಂದೂವರೆ ವರ್ಷ ಕಾಯಬಲ್ಲ ಮನೆಯವರಿಗೆ ಈಗ ಜರ್ಮನಿಯಷ್ಟು ಒಳ್ಳೆಯ ದಾರಿ ಬೇರೆ ಇಲ್ಲ ಎನ್ನುವುದು ನನ್ನ ಅಭಿಪ್ರಾಯ. ಕಾರಣ ಟ್ರಿಪಲ್ ವಿನ್ ಯೋಜನೆ. 2021ರ ಡಿಸೆಂಬರ್‌ನಲ್ಲಿ ನೋರ್ಕಾ ರೂಟ್ಸ್ ಮತ್ತು ಜರ್ಮನಿಯ ಸರ್ಕಾರಿ ಉದ್ಯೋಗ ಸಂಸ್ಥೆ ಇದಕ್ಕೆ ಒಪ್ಪಂದ ಮಾಡಿಕೊಂಡವು. ಇದರಲ್ಲಿ ಆಯ್ಕೆಯಾದವರಿಗೆ ಬಿ1 ಮಟ್ಟದವರೆಗೆ ಜರ್ಮನ್ ಭಾಷೆಯನ್ನು ಉಚಿತವಾಗಿ ಕಲಿಸುತ್ತಾರೆ. ನೇಮಕಕ್ಕೂ ದುಡ್ಡು ಕೊಡಬೇಕಾಗಿಲ್ಲ. ಇದೇ ಕೆಲಸಕ್ಕೆ ಖಾಸಗಿಯವರು ಲಕ್ಷಗಟ್ಟಲೆ ಕೇಳುತ್ತಾರೆ.

ಎ1, ಎ2, ಬಿ1, ಬಿ2 ಎಂದು ಮೆಟ್ಟಿಲುಗಳಿವೆ. ಪೂರ್ತಿ ಸಮಯ ಕೊಟ್ಟರೆ ಬಿ1 ಮುಟ್ಟಲು ಎಂಟು ಒಂಬತ್ತು ತಿಂಗಳು ಬೇಕು. ಡ್ಯೂಟಿ ಮಾಡಿಕೊಂಡು ಕಲಿಯುತ್ತೇನೆ ಅನ್ನುವವರು ಹೆಚ್ಚಾಗಿ ಎ2ನಲ್ಲೇ ನಿಲ್ಲುವುದನ್ನು ನೋಡಿದ್ದೇನೆ. ಆದರೆ ನಮ್ಮ ಊರಿನವರಿಗೆ ಭಾಷೆಯ ಹೆದರಿಕೆ ಬೇಕಾಗಿಲ್ಲ. ಮನೆಯಲ್ಲಿ ತುಳುವೋ ಕೊಂಕಣಿಯೋ ಮರಾಟಿಯೋ, ಶಾಲೆಯಲ್ಲಿ ಕನ್ನಡ, ಬಸ್‌ನಲ್ಲಿ ಮಲಯಾಳ, ಕಾಲೇಜಿನಲ್ಲಿ ಇಂಗ್ಲಿಷ್, ಹಾಸ್ಟೆಲ್‌ನಲ್ಲಿ ಹಿಂದಿ. ಇಷ್ಟೆಲ್ಲ ನಾಲಿಗೆಗೆ ಹತ್ತಿಸಿಕೊಂಡವರಿಗೆ ಇನ್ನೊಂದು ಭಾಷೆ ಕಷ್ಟ ಆಗಬಹುದು, ಅಸಾಧ್ಯ ಆಗಲಾರದು.

ಹೋದ ತಕ್ಷಣ ನೀವು ಪೂರ್ತಿ ನರ್ಸ್ ಅಲ್ಲ, ಇದನ್ನು ಮನಸ್ಸಿಗೆ ಹಾಕಿಕೊಂಡು ಹೋಗಿ. ನಿಮ್ಮ ಓದಿಗೆ ಅಲ್ಲಿ ಮಾನ್ಯತೆ ಸಿಗುವವರೆಗೆ ಸಹಾಯಕಿಯಾಗಿ ಕೆಲಸ. ಆ ಹೊತ್ತಿನಲ್ಲಿ ಬಿ2 ಮುಗಿಸಬೇಕು, ಜೊತೆಗೆ ಒಂದು ತರಬೇತಿ ಅಥವಾ ಪರೀಕ್ಷೆ ಮುಗಿಸಬೇಕು. ರೋಗಿಯನ್ನು ಸ್ನಾನ ಮಾಡಿಸುವುದು, ಊಟ ಮಾಡಿಸುವುದು ಅಲ್ಲಿ ನರ್ಸ್‌ನ ಕೆಲಸವೇ. ಐಸಿಯುನಲ್ಲಿ ವೆಂಟಿಲೇಟರ್ ನೋಡಿಕೊಂಡವರಿಗೆ ಮೊದಲ ಆರು ತಿಂಗಳು ಇದು ಬೇಸರ ತರುತ್ತದೆ. ನನ್ನ ಗೆಳತಿ ಒಬ್ಬಳು ಫೋನ್ ಮಾಡಿ ಅತ್ತಿದ್ದಳು. ಈಗ ಅವಳೇ ವಾರ್ಡ್‌ನಲ್ಲಿ ಹೊಸಬರಿಗೆ ಕಲಿಸುತ್ತಾಳೆ.

ಟ್ರಿಪಲ್ ವಿನ್‌ನಲ್ಲಿ ಮಾನ್ಯತೆಗೆ ಮೊದಲು ತಿಂಗಳಿಗೆ 2,300 ಯೂರೋ ಆಸುಪಾಸು, ಮಾನ್ಯತೆ ಆದ ಮೇಲೆ 2,800 ಅಥವಾ ಸ್ವಲ್ಪ ಮೇಲೆ. ಕೇಳಲು ದೊಡ್ಡದು, ಆದರೆ ತೆರಿಗೆ ಮತ್ತು ವಿಮೆಗೆ ಸುಮಾರು ಮೂರನೇ ಒಂದು ಪಾಲು ಹೋಗುತ್ತದೆ. 2,800ರಲ್ಲಿ ಕೈಗೆ ಬರುವುದು 1,900ರ ಹತ್ತಿರ. ಬಾಡಿಗೆ, ಊಟ ಕಳೆದರೆ ಉಳಿಯುವುದು ಸೌದಿಯಲ್ಲಿ ಉಳಿಸಿದಷ್ಟೇ, ಕೆಲವೊಮ್ಮೆ ಅದಕ್ಕಿಂತ ಕಡಿಮೆ. ಹಾಗಾದರೆ ಯಾಕೆ ಹೋಗಬೇಕು? ಆ ಕಳೆದ ದುಡ್ಡಿನಲ್ಲಿ ಆಸ್ಪತ್ರೆ ಖರ್ಚು, ಪಿಂಚಣಿ, ಕೆಲಸ ಹೋದರೆ ಭತ್ಯೆ ಎಲ್ಲ ಸೇರಿದೆ. ಮಕ್ಕಳ ಶಾಲೆಗೆ ಫೀಸ್ ಇಲ್ಲ. ಮಾನ್ಯತೆ ಪಡೆದ ನರ್ಸ್‌ಗೆ ಮೂರು ವರ್ಷದಲ್ಲಿ ಕಾಯಂ ವಾಸದ ಅನುಮತಿ ಕೇಳಲು ಆಗುತ್ತದೆ, ಐದು ವರ್ಷದ ಮೇಲೆ ಪೌರತ್ವಕ್ಕೂ ಅರ್ಜಿ ಹಾಕಬಹುದು. ದುಡ್ಡು ಬೇಗ ಬೇಕಾದವರಿಗೆ ಜರ್ಮನಿ ಸರಿಹೋಗದು, ಅಲ್ಲೇ ನೆಲೆ ನಿಲ್ಲುವ ಮನಸ್ಸಿದ್ದವರಿಗೆ ಸರಿ.

ಒಡೆಪೆಕ್‌ನವರು ಇದೇ ರೀತಿ ಡಚ್ ಭಾಷೆ ಕಲಿಸಿ ಬೆಲ್ಜಿಯಂಗೂ ಕಳಿಸಿದ್ದಾರೆ. ಅದರ ಪ್ರಕಟಣೆ ಬಂದಾಗ ಬಿಡಬೇಡಿ.

ಐರ್ಲೆಂಡ್ ಮತ್ತು ಯುಕೆ: ಇಂಗ್ಲಿಷ್ ಗಟ್ಟಿ ಇದ್ದವರಿಗೆ

ಎರಡೂ ಕಡೆ ಮೊದಲ ತಡೆ ಇಂಗ್ಲಿಷ್ ಪರೀಕ್ಷೆ. ಯುಕೆಗೆ ಐಇಎಲ್‌ಟಿಎಸ್ ಅಕಾಡೆಮಿಕ್‌ನಲ್ಲಿ ಓದು, ಕೇಳು, ಮಾತು ಮೂರರಲ್ಲೂ 7, ಬರವಣಿಗೆಯಲ್ಲಿ 6.5 ಬೇಕು. ಒಇಟಿ ಆದರೆ ಮೂರರಲ್ಲಿ ಬಿ, ಬರವಣಿಗೆಯಲ್ಲಿ ಸಿ ಪ್ಲಸ್. ಐರ್ಲೆಂಡ್‌ನದ್ದೂ ಹೆಚ್ಚುಕಡಿಮೆ ಇದೇ, ಆದರೆ ಆ 6.5 ಅಥವಾ ಸಿ ಪ್ಲಸ್ ಬರವಣಿಗೆಯಲ್ಲೇ ಅಂತಲ್ಲ, ಯಾವುದಾದರೂ ಒಂದು ವಿಭಾಗದಲ್ಲಿ ಬಂದರೂ ನಡೆಯುತ್ತದೆ. ಒಇಟಿಗೆ ಶುಲ್ಕ ಐಇಎಲ್‌ಟಿಎಸ್‌ಗಿಂತ ತುಂಬಾ ಜಾಸ್ತಿ. ಆದರೆ ಪ್ರಶ್ನೆಗಳೆಲ್ಲ ಆಸ್ಪತ್ರೆಯ ವಿಷಯದ್ದೇ. ರೋಗಿಯ ಜೊತೆ ಮಾತಾಡುವುದು, ಡಿಸ್ಚಾರ್ಜ್ ಲೆಟರ್ ಬರೆಯುವುದು. ಕನ್ನಡ ಮೀಡಿಯಂನಲ್ಲಿ ಹತ್ತನೆಯವರೆಗೆ ಓದಿದ ನಮ್ಮಂಥವರಿಗೆ ನಾನು ಒಇಟಿಯನ್ನೇ ಹೇಳುತ್ತೇನೆ. ಹವಾಮಾನ ಬದಲಾವಣೆ ಬಗ್ಗೆ ಪ್ರಬಂಧ ಬರೆಯುವುದಕ್ಕಿಂತ ಬಿಪಿ ರೋಗಿಯ ಬಗ್ಗೆ ಬರೆಯುವುದು ನಮಗೆ ಸುಲಭ.

ಈಗ ಯುಕೆ. ನಾಲ್ಕೈದು ವರ್ಷದ ಹಿಂದೆ ಆಗಿದ್ದರೆ ಎಲ್ಲರಿಗೂ ಅದನ್ನೇ ಹೇಳುತ್ತಿದ್ದೆ. ಕೋವಿಡ್ ನಂತರ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ ಕೈಚಾಚಿ ಕರೆಯುತ್ತಿತ್ತು. 2024ರಿಂದ ಆ ಕರೆ ತುಂಬಾ ಕಡಿಮೆಯಾಗಿದೆ. ಕಾಯಂ ವಾಸಕ್ಕೆ ಐದು ವರ್ಷ ಇದ್ದದ್ದನ್ನು ಹತ್ತಕ್ಕೆ ಏರಿಸುವ ಪ್ರಸ್ತಾಪವನ್ನು ಅಲ್ಲಿನ ಸರ್ಕಾರ 2025ರ ಮೇ ತಿಂಗಳಲ್ಲಿ ಮುಂದಿಟ್ಟಿತು. ಖರ್ಚನ್ನೂ ನೋಡಿ. ಇಲ್ಲಿ ಕಂಪ್ಯೂಟರ್‌ನಲ್ಲಿ ಬರೆಯುವ ಸಿಬಿಟಿ ಪರೀಕ್ಷೆಗೆ 83 ಪೌಂಡ್, ಅರ್ಜಿಗೆ 140, ಅಲ್ಲಿ ಹೋಗಿ ಕೈಯಾರೆ ಮಾಡಿ ತೋರಿಸುವ ಆಸ್ಕಿ ಪರೀಕ್ಷೆಗೆ 794, ರಿಜಿಸ್ಟ್ರೇಶನ್‌ಗೆ 153. ಕೆಲಸ ಕೊಡುವ ಆಸ್ಪತ್ರೆ ಇದರಲ್ಲಿ ದೊಡ್ಡ ಪಾಲು ವಾಪಸ್ ಕೊಡುವುದುಂಟು. ಹಾಗಾಗಿ ಕೈಯಲ್ಲಿ ನಿಜವಾದ ಆಸ್ಪತ್ರೆಯ ಆಫರ್ ಲೆಟರ್ ಇಲ್ಲದೆ ಯುಕೆ ಎಂದು ದುಡ್ಡು ಸುರಿಯಬೇಡಿ. ಆಫರ್ ಇದ್ದರೆ ಕೆಟ್ಟ ಆಯ್ಕೆ ಅಲ್ಲ. ನರ್ಸ್ ವೀಸಾದಲ್ಲಿ ಕುಟುಂಬ ಜೊತೆಗೆ ಬರಬಹುದು, ಗಂಡ ಕೆಲಸ ಮಾಡಬಹುದು. ಹೊಸಬರ ಬ್ಯಾಂಡ್ 5 ಸಂಬಳ 2025ರಲ್ಲಿ ವರ್ಷಕ್ಕೆ 31,000 ಪೌಂಡ್ ಆಸುಪಾಸಿನಿಂದ ಶುರುವಾಗುತ್ತಿತ್ತು.

ಮದುವೆಯಾದವರಿಗೆ ನಾನು ಈಗ ಐರ್ಲೆಂಡನ್ನು ಮೇಲೆ ಇಡುತ್ತೇನೆ. ಮೊದಲು ಅಲ್ಲಿನ ನರ್ಸಿಂಗ್ ಬೋರ್ಡ್‌ಗೆ ಕಾಗದ ಕಳಿಸಿ, ರಿಜಿಸ್ಟ್ರೇಶನ್‌ಗೆ ಇನ್ನೇನು ಬೇಕು ಎಂದು ತಿಳಿಸುವ ಡಿಸಿಷನ್ ಲೆಟರ್ ತರಿಸಿಕೊಳ್ಳಬೇಕು. ಇದಕ್ಕೆ ತಿಂಗಳುಗಳೇ ಬೇಕು. ಆಮೇಲೆ ಅಲ್ಲಿ ಹೋಗಿ ಒಂದು ಪರೀಕ್ಷೆ, ಅಥವಾ ಆಸ್ಪತ್ರೆಯಲ್ಲಿ ಕೆಲವು ವಾರಗಳ ಅಡಾಪ್ಟೇಶನ್, ಅಂದರೆ ಮೇಲ್ವಿಚಾರಣೆಯಲ್ಲಿ ಕೆಲಸ. ಪಾಸಾದರೆ ಸಿಗುವುದು ಕ್ರಿಟಿಕಲ್ ಸ್ಕಿಲ್ಸ್ ಪರ್ಮಿಟ್. ಇದರ ಬಲ ಏನೆಂದರೆ ಗಂಡ ಅಥವಾ ಹೆಂಡತಿ ಬೇರೆ ಪರ್ಮಿಟ್ ಇಲ್ಲದೆ ಅಲ್ಲಿ ಕೆಲಸ ಮಾಡಬಹುದು. ಎರಡು ವರ್ಷದ ಮೇಲೆ ಸ್ಟ್ಯಾಂಪ್ 4 ಎಂಬ ವಾಸದ ಅನುಮತಿ ಸಿಗುತ್ತದೆ, ಆಗ ಒಂದೇ ಆಸ್ಪತ್ರೆಗೆ ಅಂಟಿಕೊಂಡಿರಬೇಕಾಗಿಲ್ಲ. ಸರ್ಕಾರಿ ಆಸ್ಪತ್ರೆಗಳಲ್ಲಿ ಆರಂಭದ ಸಂಬಳ ವರ್ಷಕ್ಕೆ 37,000 ಯೂರೋ ಹತ್ತಿರ.

ಕಷ್ಟ ಇರುವುದು ಮನೆಯದ್ದು. ಡಬ್ಲಿನ್‌ನಲ್ಲಿ ಒಂದು ಸಣ್ಣ ಮನೆಗೆ ತಿಂಗಳಿಗೆ 2,000 ಯೂರೋ ದಾಟುವುದು ಸಾಮಾನ್ಯ. ಇಬ್ಬರೂ ದುಡಿದರೆ ಮಾತ್ರ ಉಳಿತಾಯ. ಒಬ್ಬಳೇ ಹೋಗಿ, ಐದು ಜನರ ಜೊತೆ ಮನೆ ಹಂಚಿಕೊಂಡು, ಒಂದು ವರ್ಷ ಕಳೆದು ಆಮೇಲೆ ಮನೆಯವರನ್ನು ಕರೆಸಿಕೊಂಡವರೇ ಜಾಸ್ತಿ. ಡಬ್ಲಿನ್ ಬಿಟ್ಟು ಸಣ್ಣ ಊರಿನ ಆಸ್ಪತ್ರೆ ಸಿಕ್ಕರೆ ಬೇಡ ಎನ್ನಬೇಡಿ.

ಅಮೆರಿಕ, ಆಸ್ಟ್ರೇಲಿಯಾ

ಇವೆರಡನ್ನು ಮೊದಲ ಹೆಜ್ಜೆಯಾಗಿ ಲೆಕ್ಕ ಹಾಕಬೇಡಿ. ಅಮೆರಿಕದ ಎನ್‌ಕ್ಲೆಕ್ಸ್ ಪರೀಕ್ಷೆಯನ್ನು ಬೆಂಗಳೂರಿನಲ್ಲೇ ಬರೆಯಬಹುದು. ಆದರೆ ಭಾರತದವರ ಗ್ರೀನ್ ಕಾರ್ಡ್ ಸರದಿ ಎಷ್ಟು ಉದ್ದ ಇದೆ ಅಂದರೆ, 2013ರಲ್ಲಿ ಅರ್ಜಿ ಹಾಕಿದವರ ಸರದಿ 2025ರಲ್ಲಿ ನಡೆಯುತ್ತಿತ್ತು. ಬೇಕಾದರೆ ಅರ್ಜಿ ಹಾಕಿ ಒಂದು ಕಡೆ ಇಟ್ಟಿರಿ, ಅದನ್ನೇ ನಂಬಿ ಕೂರಬೇಡಿ. ಆಸ್ಟ್ರೇಲಿಯಾಕ್ಕೆ ಹೋಗುವ ಆಸೆ ಇದ್ದರೆ ಐರ್ಲೆಂಡ್ ಅಥವಾ ಯುಕೆಯಲ್ಲಿ ರಿಜಿಸ್ಟರ್ ಆಗಿ 1,800 ಗಂಟೆ ಕೆಲಸ ಮಾಡಿದವರಿಗೆ 2025ರ ಏಪ್ರಿಲ್‌ನಿಂದ ಅಲ್ಲಿ ರಿಜಿಸ್ಟ್ರೇಶನ್ ಸುಲಭ ಮಾಡಿದ್ದಾರೆ. ಇಲ್ಲಿಂದ ನೇರವಾಗಿ ಹೋಗುವುದಾದರೆ ಎರಡು ಪರೀಕ್ಷೆ, ಅದರಲ್ಲಿ ಒಂದಕ್ಕೆ ಆಸ್ಟ್ರೇಲಿಯಾಕ್ಕೇ ಹೋಗಬೇಕು.

ಕೇರ್‌ಗಿವರ್ ಕೆಲಸ ಬಂದರೆ?

ಇಸ್ರೇಲ್‌ನಲ್ಲಿ ನಮ್ಮ ಕರಾವಳಿಯ ಬಹಳ ಜನ ವೃದ್ಧರನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದಾರೆ. ದುಡ್ಡು ಚೆನ್ನಾಗಿದೆ. ಮರ್ಯಾದೆಯ ಕೆಲಸ, ಅದರಲ್ಲಿ ಅನುಮಾನ ಇಲ್ಲ. ಆದರೆ ನರ್ಸ್ ಆದವರು ಒಂದು ವಿಷಯ ತಿಳಿದಿರಬೇಕು. ಅಲ್ಲಿ ಕಳೆದ ವರ್ಷಗಳು ನರ್ಸಿಂಗ್ ಅನುಭವವಾಗಿ ಲೆಕ್ಕಕ್ಕೆ ಬರುವುದಿಲ್ಲ. ಐದು ವರ್ಷ ಕಳೆದು ಐರ್ಲೆಂಡ್‌ಗೆ ಅರ್ಜಿ ಹಾಕಿದರೆ, ಐದು ವರ್ಷ ನರ್ಸಿಂಗ್ ಬಿಟ್ಟವರು ಎಂದೇ ನೋಡುತ್ತಾರೆ. ಯುಕೆಯ ಕೇರ್ ವರ್ಕರ್ ವೀಸಾವಂತೂ ಹೊರದೇಶದಿಂದ ಹೊಸದಾಗಿ ಹೋಗುವವರಿಗೆ 2025ರ ಜುಲೈ 22ರಿಂದ ನಿಂತಿದೆ. ಈಗಲೂ ಆ ವೀಸಾ ಕೊಡಿಸುತ್ತೇನೆ ಎಂದು ಯಾರಾದರೂ ದುಡ್ಡು ಕೇಳಿದರೆ ಎದ್ದು ಬನ್ನಿ.

ಏಜೆಂಟರಿಗೆ ಕೊಡುವ ದುಡ್ಡು

ನಾನು ಮೊದಲ ಸಲ ಹೊರಟಾಗ ಒಬ್ಬ ಏಜೆಂಟರ ಹತ್ತಿರ ಹೋಗಿದ್ದೆ. ಅಮ್ಮನ ಬಳೆ ಅಡವಿಟ್ಟು ಅರವತ್ತು ಸಾವಿರ ಕೊಟ್ಟೆ. ಒರಿಜಿನಲ್ ಸರ್ಟಿಫಿಕೇಟ್‌ಗಳನ್ನೂ ಕೊಟ್ಟೆ. ಒಂದು ವರ್ಷ "ಮುಂದಿನ ತಿಂಗಳು" ಎಂದರು. ಸರ್ಟಿಫಿಕೇಟ್ ವಾಪಸ್ ಕೇಳಿದರೆ ಇನ್ನೂ ಹದಿನೈದು ಸಾವಿರ ಕೊಡಿ ಎಂದರು. ಕೊಟ್ಟೆ. ಬೇರೆ ದಾರಿ ಇರಲಿಲ್ಲ. ಅರವತ್ತು ಸಾವಿರ ಬರಲೇ ಇಲ್ಲ. ಆ ಸಂಸ್ಥೆಯ ಬೋರ್ಡ್ ಈಗ ಅಲ್ಲಿಲ್ಲ.

ನಿಮಗೆ ಹಾಗಾಗಬಾರದು, ಅದಕ್ಕೆ ಇಷ್ಟು ಹೇಳುತ್ತೇನೆ. ನೋಂದಾಯಿತ ಏಜೆಂಟರು ಅಭ್ಯರ್ಥಿಯಿಂದ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ, ಅದರ ಮೇಲೆ ಜಿಎಸ್‌ಟಿ. ರಸೀದಿ ಕೊಡಲೇಬೇಕು. ಏಜೆಂಟರು ನೋಂದಾಯಿತರಾ ಎಂದು ವಿದೇಶಾಂಗ ಸಚಿವಾಲಯದ ಇಮೈಗ್ರೇಟ್ ಜಾಲತಾಣದಲ್ಲಿ ನೋಡಬಹುದು. 2015ರಲ್ಲಿ ಕುವೈತ್‌ನ ನೇಮಕದಲ್ಲಿ ನರ್ಸ್‌ಗಳಿಂದ ತಲಾ 20 ಲಕ್ಷದ ಹತ್ತಿರ ವಸೂಲು ಮಾಡಿದ ಹಗರಣ ಹೊರಬಿತ್ತು. ಆಗ ನಿಗದಿಯಾಗಿದ್ದ ಶುಲ್ಕ 20,000 ರೂಪಾಯಿಯ ಒಳಗೆ. ಅದೇ ವರ್ಷ ಕೇಂದ್ರ ಸರ್ಕಾರ ಗಲ್ಫ್ ಸೇರಿ 18 ದೇಶಗಳಿಗೆ ನರ್ಸ್‌ಗಳ ನೇಮಕ ಸರ್ಕಾರಿ ಸಂಸ್ಥೆಗಳ ಮೂಲಕ ನಡೆಯಬೇಕು ಎಂಬ ನಿಯಮ ತಂದಿತು. ಈ ನಿಯಮ ತಪ್ಪಿಸಲು ಕೆಲವರು "ವಿಸಿಟ್ ವೀಸಾದಲ್ಲಿ ಹೋಗಿ, ಅಲ್ಲಿ ಬದಲಾಯಿಸಿ ಕೊಡುತ್ತೇವೆ" ಎನ್ನುತ್ತಾರೆ. ಹೋಗಬೇಡಿ. ಅಲ್ಲಿ ತೊಂದರೆಯಾದರೆ ನೀವು ಕೆಲಸಕ್ಕೆ ಬಂದವರು ಎಂಬ ಯಾವ ದಾಖಲೆಯೂ ಇಲ್ಲಿ ಇರುವುದಿಲ್ಲ.

ಒರಿಜಿನಲ್ ಯಾರ ಕೈಗೂ ಕೊಟ್ಟು ಬರಬೇಡಿ. ತೋರಿಸಿ, ಸ್ಕ್ಯಾನ್ ಮಾಡಿಸಿ, ವಾಪಸ್ ತನ್ನಿ.

ಆ ಮೂವರಿಗೆ ನಾನು ಹೇಳಿದ್ದು

ಉಪ್ಪಳದ ಹುಡುಗನಿಗೆ ಗಲ್ಫ್ ಎಂದೆ. ಸಾಲ ಕಾಯುವುದಿಲ್ಲ, ಕ್ಯಾಶುವಾಲ್ಟಿ ಅನುಭವ ಕೈಯಲ್ಲಿದೆ. ಸೌದಿ ಸರ್ಕಾರಿ ನೇಮಕಕ್ಕೆ ಕಾಯದೆ ಯುಎಇ ಲೈಸೆನ್ಸ್‌ಗೆ ಓದಲು ಹೇಳಿದ್ದೇನೆ. ಒಡೆಪೆಕ್‌ನಲ್ಲಿ ಹೆಸರು ಕೊಟ್ಟಿದ್ದಾನೆ. ಕೇರಳದ ರಿಜಿಸ್ಟ್ರೇಶನ್ ಮೊದಲೇ ಮಾಡಿಸಿದ್ದ, ಪುಣ್ಯ.

ಪೆರ್ಲದ ಹುಡುಗಿಯ ಮನೆಯಲ್ಲಿ ಅಡಿಕೆ ತೋಟ ಇದೆ, ಸಾಲ ಇಲ್ಲ, ವಯಸ್ಸು 23. ಅವಳಿಗೆ ಜರ್ಮನಿ. ಈಗಿನ ಕೆಲಸ ಬಿಡದೆ ಒಂದು ವರ್ಷದ ಅನುಭವ ಪೂರ್ತಿ ಮಾಡಿ, ಅಷ್ಟರೊಳಗೆ ಎ1 ಮುಗಿಸಿ ಟ್ರಿಪಲ್ ವಿನ್ ಪ್ರಕಟಣೆಗೆ ಸಿದ್ಧವಾಗು ಎಂದೆ. ಅವಳ ಅಪ್ಪನಿಗೆ ಅಷ್ಟು ದೂರ ಯಾಕೆ ಎಂಬ ಅಳುಕು. ಮೊನ್ನೆ ಭಾನುವಾರ ಅವರ ಮನೆಗೆ ಹೋಗಿ, ಜರ್ಮನಿಯಲ್ಲಿರುವ ಗೆಳತಿಗೆ ವಿಡಿಯೋ ಕಾಲ್ ಮಾಡಿ ಮಾತಾಡಿಸಿದೆ. ಅರ್ಧ ಗಂಟೆ ತುಳುವಿನಲ್ಲಿ ಮಾತಾಡಿದರು.

ಮುಳ್ಳೇರಿಯಾದವಳದ್ದೇ ಕಷ್ಟದ ಲೆಕ್ಕ. ಸೌದಿಗೆ ಹೋದರೆ ದುಡ್ಡು ಬೇಗ, ಆದರೆ ಮಗುವನ್ನು ಬಿಡಬೇಕು. ಐರ್ಲೆಂಡ್‌ಗೆ ಒಂದೂವರೆ ವರ್ಷ ಬೇಕು, ಒಇಟಿಗೆ ದುಡ್ಡು ಬೇಕು, ಆದರೆ ಮುಂದೆ ಮೂವರೂ ಒಟ್ಟಿಗೆ ಇರಬಹುದು. ಅಂಗಡಿಯ ಆದಾಯದಲ್ಲಿ ಮನೆ ನಡೆಯುತ್ತದಾ ಎಂದು ಕೇಳಿದೆ. ಕಷ್ಟಪಟ್ಟು ನಡೆಯುತ್ತದೆ ಎಂದಳು. ಹಾಗಿದ್ದರೆ ಐರ್ಲೆಂಡ್ ಎಂದೆ. ಗಂಡ ಹೆಂಡತಿ ಇಬ್ಬರೂ ಕೂತು ಮಾತಾಡಿಕೊಂಡರು. ನಿನ್ನೆ ಫೋನ್ ಮಾಡಿದ್ದಳು, ಎಸ್‌ಎಸ್‌ಎಲ್‌ಸಿಯಲ್ಲೂ ಪಾಸ್‌ಪೋರ್ಟ್‌ನಲ್ಲೂ ಅವಳ ಹೆಸರಿನ ಸ್ಪೆಲಿಂಗ್ ಬೇರೆ ಬೇರೆ ಇದೆಯಂತೆ. ಸೋಮವಾರ ಬೆಳಿಗ್ಗೆ ನಾವಿಬ್ಬರೂ ಅಕ್ಷಯ ಕೇಂದ್ರಕ್ಕೆ ಹೋಗುತ್ತಿದ್ದೇವೆ.